ಕ್ಯಾನ್ಸರ್ ರೋಗಿಯನ್ನು ನೋಡಿಬರುವ ಕ್ರಮ
(ಹುಲಿಕಲ್ ಸುತ್ತಮುತ್ತಲಿನವರ ಉಪಯೋಗಕ್ಕೆ)

ಹೋಗುವುದಕ್ಕೆ ಮಳೆಗಾಲವೇ ಶ್ರೇಷ್ಠ. ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಸುರಿಯುವ ಊರುಗಳಲ್ಲಿ ಹುಲಿಕಲ್ ಒಂದು. ರೋಗಿ ಮನೆಯಲ್ಲಿ ಸಿಕ್ಕೇ ಸಿಗುತ್ತಾರೆ. ಮಣಿಪಾಲದಲ್ಲಿ ಕಿಮೋ ಮುಗಿಸಿ ಘಾಟಿ ಹತ್ತಿ ಬಂದ ಮಾರನೇ ದಿನವಾದರೆ ಇನ್ನೂ ಒಳ್ಳೆಯದು. ತಿರುವುಗಳಲ್ಲಿ ವಾಂತಿಯಾಗಿ, ಎದುರು ಮಾತಾಡುವ ತ್ರಾಣ ಉಳಿದಿರುವುದಿಲ್ಲ.

ಜಗಲಿಯಲ್ಲಿ ಕೂತ ಕೂಡಲೇ ಎಲೆಅಡಿಕೆ ಹರಿವಾಣ ಬರುತ್ತದೆ. ಸಂಕೋಚ ಬೇಡ. ತಂಬಾಕು ಹಾಕದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದ್ದನ್ನು ಅಡಿಕೆ ಬೆಳೆಯುವ ನಾವು ಒಪ್ಪಬೇಕೆಂದೇನಿಲ್ಲ. ದವಡೆ ಆಪರೇಷನ್ ಆದವರ ಎದುರು ಕೂತು, ಎಲೆಗೆ ಸುಣ್ಣ ಸವರಿ, ಕೆನ್ನೆ ಉಬ್ಬಿಸಿಕೊಂಡೇ ಕೇಳಿ: “ಎಂತ ಚಟ ಇತ್ತು ಮಾರಾಯ್ರೆ ನಿಮಗೆ?”

ಕಾಯಿಲೆಯ ಹೆಸರೆತ್ತಬಾರದು, “ಅದು” ಎಂದರೆ ಸಾಕು. ಕಾಫಿ ತಂದರೆ ಈಗಷ್ಟೇ ಕುಡಿದು ಬಂದೆ ಎನ್ನಿ. ಕ್ಯಾನ್ಸರ್ ಅಂಟುವುದಿಲ್ಲ ಎಂದು ನಿಮಗೂ ಗೊತ್ತು, ಆದರೂ. ಆಮೇಲೆ ಸಲಹೆ. ಮಣಿಪಾಲಕ್ಕೆ ಹೋದವರಿಗೆ ಕಿದ್ವಾಯಿ, ಕಿದ್ವಾಯಿಗೆ ಹೋದವರಿಗೆ ಮಣಿಪಾಲ, ಎರಡೂ ಮುಗಿಸಿದವರಿಗೆ ಆನಂದಪುರದ ಹತ್ತಿರದ ನರಸೀಪುರ. ಅಲ್ಲಿನ ಹೆಸರಾಂತ ನಾಟಿ ವೈದ್ಯರು 2020ರಲ್ಲೇ ತೀರಿಕೊಂಡದ್ದು ನಿಮ್ಮ ಸಲಹೆಗೆ ಅಡ್ಡಿಯಲ್ಲ.

“ರಾತ್ರಿ ನಿದ್ದೆ ಬರಲ್ಲ, ಹೆದರಿಕೆ ಆಗ್ತದೆ” ಎಂದು ರೋಗಿ ಬಾಯಿ ಬಿಟ್ಟರೆ ಮಾತನ್ನು ಅಲ್ಲೇ ತಡೆಯಿರಿ. “ಧೈರ್ಯವಾಗಿರಿ” ಎಂಬ ಬಿರಡೆ ಇರುವುದೇ ಅದಕ್ಕೆ. ಮನಸ್ಸಿನ ಸಂಕಟ ಅಳೆಯಲು ಕ್ಯಾನ್ಸರ್ ವೈದ್ಯರ ಬಳಿ 0ಯಿಂದ 10ರವರೆಗೆ ಅಂಕಿ ಹಾಕಿದ ಥರ್ಮಾಮೀಟರಿನ ಚಿತ್ರವೊಂದಿದೆ. ರೋಗಿ 4 ಅಥವಾ ಅದಕ್ಕಿಂತ ಮೇಲೆ ಗುರುತು ಹಾಕಿದರೆ ಕೂರಿಸಿಕೊಂಡು ವಿಚಾರಿಸಬೇಕಂತೆ. ನಮ್ಮ ಅಳತೆ ಸುಲಭ: ಅತ್ತರೆ ಅಧೈರ್ಯ, ಅಳದಿದ್ದರೆ ಆರಾಮ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಟೆಲಿ ಮಾನಸ್‌ನವರು ದುಡ್ಡಿಲ್ಲದೆ, ಕನ್ನಡದಲ್ಲೇ, ಕೇಳಿಸಿಕೊಳ್ಳುತ್ತಾರೆ. ಗುಡ್ಡ ಹತ್ತದೆ ಸಿಗ್ನಲ್ ಸಿಗದ ಮನೆಯಲ್ಲಿ ಆ ವಿಷಯ ಎತ್ತುವುದೇಕೆ?

ಹೊರಡುವಾಗ ರೋಗಿಯ ಹೆಂಡತಿಯನ್ನು ಅಂಗಳದ ಕಡೆ ಕರೆದು, “ಡಾಕ್ಟ್ರು ಎಷ್ಟು ದಿನ ಅಂದ್ರು?” ಎಂದು ಗುಟ್ಟಾಗಿ ಕೇಳಿ. ಹುಲಿಕಲ್ ಮಳೆಯಲ್ಲಿ ಗುಟ್ಟನ್ನೂ ಕೂಗಿಯೇ ಹೇಳಬೇಕು, ಅದಕ್ಕೇನು ಮಾಡುವುದು.

ಅಷ್ಟರಲ್ಲಿ ಒಳಗಿಂದ ರೋಗಿಯೇ, “ತೋಟಕ್ಕೆ ಎರಡನೇ ಸಲ ಔಷಧಿ ಹೊಡೆದಾಯ್ತಾ? ಕೊಳೆರೋಗ ಹೆಂಗಿದೆ ಈ ಸಲ?” ಎಂದರೆ ಹುಷಾರು. ಉತ್ತರ ಕೊಟ್ಟಿರೋ, ಮಾತು ಬೆಳೆದು ಅವರು ಮೊದಲಿನ ಹಾಗೆ ಬೆಳೆಗಾರರಾಗಿಬಿಡುತ್ತಾರೆ. “ಅದೆಲ್ಲ ಈಗ ನಿಮಗ್ಯಾಕೆ, ಮಲಗಿ” ಎಂದು ಕೊಡೆ ಬಿಚ್ಚಿ.