ಟಾಕಿಗೆ ಸಂಗಮ ಸ್ನಾನ

ನಮ್ಮ ಆಳಂದ ತಾಲೂಕಿನ ಹಿರೋಳ್ಳಿಯಲ್ಲಿ ಮನುಷ್ಯ ಕುಡಿಯುವ ನೀರಿನ ಬಾಟಲಿಗೆ 20 ರೂಪಾಯಿ. ಬೈಕು ಕುಡಿಯುವ ಬಾಟಲಿಗೆ 350. ಮೊದಲನೆಯದಕ್ಕೆ ಚೌಕಾಶಿ ಮಾಡುತ್ತೇವೆ. ಎರಡನೆಯದನ್ನು ಕಣ್ಣಿಗೊತ್ತಿಕೊಂಡು ಮನೆಗೆ ತರುತ್ತೇವೆ.

ನನ್ನದು 2014ರ ಗಾಡಿ. ಮೊನ್ನೆ ಆಳಂದಕ್ಕೆ ಹೊರಟಾಗ ದಾರಿಯಲ್ಲಿ ಮೂರು ಸಲ ಕೆಮ್ಮಿತು. ನಾಲ್ಕನೇ ಸಲ ಸುಮ್ಮನಾಯಿತು. ನೂಕಿಕೊಂಡು ಹೋಗಿ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯ ಮುಂದೆ ನಿಂತೆ.

"ಕಾರ್ಬನ್ ಜಮಾ ಆಗ್ಯಾದ ಸರ. ಇದೊಂದು ಹಾಕ್ರಿ, ಎಂಜಿನ್ ಖಡಕ್ ಆಗ್ತದ."

ಅಂಗಡಿಯವನು ಗಾಡಿ ನೋಡಲಿಲ್ಲ. ನನ್ನ ಮುಖ ನೋಡಿದ. ರೋಗ ಗೊತ್ತಾಗಿಬಿಟ್ಟಿತು.

ಬಾಟಲಿಯ ಚೀಟಿ ಓದಿದೆ. ಇಂಜೆಕ್ಟರ್ ತೊಳೆಯುತ್ತದೆ. ವಾಲ್ವ್ ತೊಳೆಯುತ್ತದೆ. ಪಿಕಪ್ ಏರಿಸುತ್ತದೆ. ಮೈಲೇಜ್ ಕೊಡುತ್ತದೆ. ಹೊಗೆ ಇಳಿಸುತ್ತದೆ. ತೊಗರಿಯ ಬೆಳೆ ವಿಮೆ ಕೊಡಿಸುತ್ತದೆ ಅಂತೊಂದು ಬರೆದಿರಲಿಲ್ಲ.

ನನ್ನ ಗಾಡಿಗೆ ಇಂಜೆಕ್ಟರೇ ಇಲ್ಲ. ನಮ್ಮಂಥವರ ಸಣ್ಣ ಬೈಕುಗಳಿಗೆ ಅದು ಸಾಮಾನ್ಯವಾಗಿ ಬಂದದ್ದು 2020ರ ಏಪ್ರಿಲ್ 1ರಂದು ಬಿಎಸ್-6 ನಿಯಮ ಬಂದ ಮೇಲೆ. ನನ್ನದು ಹಳೇ ಕಾರ್ಬುರೇಟರ್. ಬಾಟಲಿಯ ಮೇಲೆ 50 ಲೀಟರ್ ಟಾಕಿಗೆ ಅಂತ ಬರೆದಿತ್ತು. ನನ್ನ ಟಾಕಿ ಹಿಡಿಯುವುದು ಹತ್ತು. "ಅದೇನ್ ದೊಡ್ಡ ಮಾತು ಸರ, ಒಂದು ಮುಚ್ಚಳ ಹಾಕ್ರಿ" ಅಂದ. ಇಲ್ಲದ ಅಂಗಕ್ಕೆ ಅಂದಾಜಿನ ಔಷಧ. ದುಡ್ಡು ಮಾತ್ರ ಅಂದಾಜಿನದಲ್ಲ. ಕೊಟ್ಟೆ, ಒಂದು ಮುಚ್ಚಳ ಹಾಕಿದೆ. ಗಾಡಿ ಏಳಲಿಲ್ಲ.

ಬಾಟಲಿಯೊಳಗಿನದು ಪೂರ್ತಿ ಸುಳ್ಳೆಂದು ನಾನು ಹೇಳಲಾರೆ. ಒಳ್ಳೆಯ ಬಾಟಲಿಯಲ್ಲಿ ಪಾಲಿಈಥರ್ ಅಮೈನ್ ಎಂಬ ಡಿಟರ್ಜೆಂಟ್ ಇರುತ್ತದೆ. ಅದರ ಒಂದು ತುದಿ ಮಸಿಗೆ ಅಂಟುತ್ತದೆ, ಇನ್ನೊಂದು ತುದಿ ಪೆಟ್ರೋಲಿನೊಂದಿಗೆ ಸೇರುತ್ತದೆ. ಕೂತ ಮಸಿ ಎದ್ದು ಉರಿದುಹೋಗುತ್ತದೆ. ಬಟ್ಟೆ ಸಾಬೂನಿನದೇ ಲೆಕ್ಕ. ಇಂಜೆಕ್ಟರಿಗೆ ಮಸಿ ಹಿಡಿದ ಕಾರಿಗೆ ಇದರಿಂದ ನಿಜಕ್ಕೂ ಉಪಯೋಗವಿದೆ. ಆದರೆ ಸಾಬೂನು ಮಸಿ ತೊಳೆಯುತ್ತದೆಯೇ ಹೊರತು ತುಕ್ಕು ತೊಳೆಯುವುದಿಲ್ಲ. ಮರಳು ಕರಗಿಸುವುದಿಲ್ಲ. ತಳದಲ್ಲಿ ನಿಂತ ನೀರನ್ನು ಪೆಟ್ರೋಲ್ ಮಾಡುವುದಿಲ್ಲ.

ಕೊನೆಗೆ ಮೆಕ್ಯಾನಿಕ್ ಹತ್ತಿರ ಹೋದೆ. ಅವನು ಕಾರ್ಬುರೇಟರಿನ ಬಟ್ಟಲು ಬಿಚ್ಚಿದ. ಒಳಗೆ ಇದ್ದದ್ದು ಈ ಮೂರೂ.

ಅಮೆರಿಕದಲ್ಲಿ 1995ರಿಂದ ಪೆಟ್ರೋಲಿಗೆ ಇಂಥ ಡಿಟರ್ಜೆಂಟನ್ನು ಮಾರುವವನೇ ಬೆರೆಸಿ ಕೊಡಬೇಕೆಂಬ ಕಾನೂನಿದೆ. ನಮ್ಮಲ್ಲಿ ಅದಕ್ಕೊಂದು ಬೇರೆ ನಳಿಗೆ, ಬೇರೆ ಬಣ್ಣದ ಬೋರ್ಡು, ಬೇರೆ ರೇಟು. ಸಾದಾ ಪೆಟ್ರೋಲ್ ಸಾದಾ ಜನಕ್ಕೆ. ಎಂಜಿನ್ ಸ್ವಚ್ಛವಾಗಿರಬೇಕೆಂದರೆ ಮೇಲೆ ಇಷ್ಟು ರೂಪಾಯಿ. ಹಾಗಾದರೆ ಸಾದಾ ನಳಿಗೆಯಲ್ಲಿ ನಮಗೆ ಹಾಕುತ್ತಿರುವುದು ಏನು ಅಂತ ಕೇಳಬಾರದು. ಹಿಂದೆ ಸಾಲಿದೆ.

ಬಟ್ಟಲಿನಲ್ಲಿದ್ದ ಆ ನೀರಿನ ಕತೆಗೆ ಬನ್ನಿ.

2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಪ್ರಧಾನಿಯವರು ಇ-20 ಪೆಟ್ರೋಲಿಗೆ ಚಾಲನೆ ಕೊಟ್ಟರು. ನೂರು ಪಾಲಿನಲ್ಲಿ ಇಪ್ಪತ್ತು ಎಥೆನಾಲ್. 2030ಕ್ಕೆ ಇಟ್ಟುಕೊಂಡಿದ್ದ ಗುರಿಯನ್ನು 2025ಕ್ಕೆ ಎಳೆದು ತಂದರು. ಕಲ್ಯಾಣ ಕರ್ನಾಟಕದ ಯಾವ ಕೆಲಸ ಐದು ವರ್ಷ ಮೊದಲೇ ಮುಗಿದಿದೆ ಹೇಳಿ. ಇದೊಂದು ಮುಗಿಯಿತು.

ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಅದು ಗಾಳಿಯ ತೇವ ಹೀರುತ್ತದೆ. ನೀರು ಹೆಚ್ಚಾದರೆ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಸಂಸಾರ ಹೂಡಿ ತಳಕ್ಕೆ ಇಳಿಯುತ್ತದೆ. ಹಳೇ ಟಾಕಿಯ ಗೋಡೆಗೆ ಅಂಟಿದ ಕೊಳೆಯನ್ನು ಎಬ್ಬಿಸಿ ಫಿಲ್ಟರಿಗೆ ತಂದು ತುಂಬುತ್ತದೆ. ಅಂದರೆ ಸರ್ಕಾರವೇ ಟಾಕಿಗೊಂದು ಕ್ಲೀನರ್ ಹಾಕಿದೆ. ಅದು ಎಬ್ಬಿಸಿದ ಕೊಳೆಗೆ ನಾವು ಇನ್ನೊಂದು ಕ್ಲೀನರ್ ಹಾಕಬೇಕು.

2025ರ ಆಗಸ್ಟಿನಲ್ಲಿ ಜನ ಗೊಣಗಿದಾಗ ಪೆಟ್ರೋಲಿಯಂ ಸಚಿವಾಲಯ ಉತ್ತರ ಕೊಟ್ಟಿತು. ಹಳೇ ಗಾಡಿಗಳಿಗೆ ದೊಡ್ಡ ತೊಂದರೆಯೇನೂ ಇಲ್ಲ. ಅದೇ ಉಸಿರಿನಲ್ಲಿ: ಕೆಲವು ಹಳೇ ಗಾಡಿಗಳಲ್ಲಿ 20ರಿಂದ 30 ಸಾವಿರ ಕಿಲೋಮೀಟರ್ ಓಡಿದ ಮೇಲೆ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾದೀತು, ಅದಕ್ಕೇನೂ ಹೆಚ್ಚು ಖರ್ಚಿಲ್ಲ. ತೊಂದರೆ ಇಲ್ಲದ್ದನ್ನು ಬದಲಿಸುವುದೇಕೆ ಎಂದು ಕೇಳಿದವರು ಅಭಿವೃದ್ಧಿಯ ವಿರೋಧಿಗಳು. ನೀತಿ ಆಯೋಗವೇ 2021ರಲ್ಲಿ ಲೆಕ್ಕ ಬರೆದಿಟ್ಟಿತ್ತು: ಹಳೇ ಮಾದರಿಯ ದ್ವಿಚಕ್ರ ವಾಹನಕ್ಕೆ ಮೈಲೇಜ್ ಶೇ. 3ರಿಂದ 4, ಕಾರಿಗೆ ಶೇ. 6ರಿಂದ 7 ಇಳಿಯುತ್ತದೆ ಅಂತ. ಮೈಲೇಜ್ ಇಳಿಯಿತು. ರೇಟು ಇಳಿಯಲಿಲ್ಲ.

ಬ್ರೆಜಿಲಿನಲ್ಲಿ ಓಡುತ್ತಿಲ್ಲವೇ ಅಂತ ಕೇಳುತ್ತಾರೆ. ಓಡುತ್ತಿದೆ. ಅಲ್ಲಿ 2003ರಿಂದ ಎರಡೂ ಕುಡಿಯುವ ಫ್ಲೆಕ್ಸ್ ಗಾಡಿ ಮಾರುತ್ತಿದ್ದಾರೆ. ಪಂಪಿನಲ್ಲಿ ಎಥೆನಾಲಿಗೆ ಬೇರೆ ನಳಿಗೆಯೂ ಇದೆ, ಲೆಕ್ಕ ಹಾಕಿ ಅಗ್ಗವಾದದ್ದನ್ನು ಹಾಕಿಸಿಕೊಳ್ಳುತ್ತಾರೆ. ನಮಗೆ ಬ್ರೆಜಿಲಿನ ಮಿಶ್ರಣ ಬಂತು, ಬ್ರೆಜಿಲಿನ ಆಯ್ಕೆ ಬರಲಿಲ್ಲ.

ತಮಾಷೆ ಏನೆಂದರೆ, ಕಬ್ಬು ನಮ್ಮದೇ. ಭೂಸನೂರು, ಹವಳಗಾ, ಚಿಣಮಗೇರಾ ಎಲ್ಲವೂ ನಮ್ಮ ಸುತ್ತಲಿನ ಕಾರ್ಖಾನೆಗಳೇ. ಅನ್ನದಾತ ಇನ್ನು ಇಂಧನದಾತ ಎಂದು ಭಾಷಣಗಳಾದವು. ಇಂಧನದಾತ 2025ರ ನವೆಂಬರಿನಲ್ಲಿ ಟನ್ನಿಗೆ 3,500 ಕೊಡಿ ಎಂದು ರಸ್ತೆಯಲ್ಲಿ ಕೂತ. 3,300ಕ್ಕೆ ಎಬ್ಬಿಸಿ ಕಳಿಸಿದರು. ಮನೆಗೆ ಹೋಗಲು ಬೈಕು ಒದ್ದ. ಚಾಲೂ ಆಗಲಿಲ್ಲ.

ಸರ್ಕಾರವನ್ನು ಬೈದು ನಾವು ಶುದ್ಧರಾಗುವುದು ಸುಲಭ. ನಮ್ಮ ಟಾಕಿ ನೋಡಿಕೊಳ್ಳೋಣ.

ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ಮಾವಿನ ಜ್ಯೂಸಿನ ಬಾಟಲಿಯಲ್ಲಿ ಪೆಟ್ರೋಲ್ ತೂಗುಬಿದ್ದಿರುತ್ತದೆ. ಬಿಸಿಲಿಗೆ, ಬೀಡಿ ಸೇದುವವರ ಪಕ್ಕ. ಕಾನೂನಿಗೆ ವಿರುದ್ಧ, ಆದರೆ ಎಲ್ಲರ ಅನುಕೂಲಕ್ಕೆ. ತಳದಲ್ಲಿ ಹಳೇ ಜ್ಯೂಸಿನ ಅಂಟು. ಲೀಟರಿಗೆ ಹತ್ತಿಪ್ಪತ್ತು ಹೆಚ್ಚು ಕೊಟ್ಟು ಅದನ್ನೇ ಹಾಕಿಸುತ್ತೇವೆ. ಗಡಿಯಾಚೆ ಮಹಾರಾಷ್ಟ್ರದಲ್ಲಿ ಡೀಸೆಲು ಎಂಟಾಣೆ ಕಡಿಮೆ ಎಂದು ಗೊತ್ತಾದರೆ ಟ್ರ್ಯಾಕ್ಟರಿನವರು ವಾಗ್ದರಿ ಕಡೆ ಡ್ರಮ್ ಹೊತ್ತು ಓಡುತ್ತಾರೆ. ಈಚೆ ಕಡಿಮೆಯಾದರೆ ಅವರು ಈಚೆಗೆ. ಆ ಡೀಸೆಲು ಹೊಲದ ಮನೆಯಲ್ಲಿ ಅರ್ಧ ಮುಚ್ಚಿದ ಡ್ರಮ್ಮಿನಲ್ಲಿ ಎರಡು ಮಳೆ ಕಾಣುತ್ತದೆ. ಟ್ರ್ಯಾಕ್ಟರಿನ ಫಿಲ್ಟರ್ ಕೆಳಗೆ ನೀರು ಬಸಿಯಲು ಒಂದು ಬಟ್ಟಲಿದೆ. ಅದರ ತಿರುಪನ್ನು ಕೊಂಡ ದಿನದಿಂದ ಯಾರೂ ತಿರುಗಿಸಿಲ್ಲ. ಆಯುಧಪೂಜೆಗೆ ಅದಕ್ಕೂ ಕುಂಕುಮ ಹಚ್ಚಿದ್ದೇವೆ, ಅಷ್ಟೇ.

ಫಿಲ್ಟರ್ ಬದಲಿಸು ಅಂದರೆ ಜಿಪುಣರು. ಬಾಟಲಿ ಹಾಕು ಅಂದರೆ ಧಾರಾಳಿಗಳು. ಫಿಲ್ಟರ್ ಬಿಚ್ಚಿದರೆ ನಮ್ಮ ಕೊಳೆ ಕಣ್ಣಿಗೆ ಬೀಳುತ್ತದೆ. ಬಾಟಲಿ ಸುರಿದರೆ ಬೀಳುವುದಿಲ್ಲ. ಬಾಟಲಿಯ ಇಡೀ ವ್ಯಾಪಾರ ನಿಂತಿರುವುದು ಅಲ್ಲಿ.

ಇದು ನಮಗೆ ಹೊಸದೂ ಅಲ್ಲ. ಇಲ್ಲೇ ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಭೀಮೆ ಅಮರ್ಜೆಯರ ಸಂಗಮವಿದೆ. ಒಂದು ಮುಳುಗು ಹಾಕಿದರೆ ವರ್ಷದ ಪಾಪ ಕಳೆಯುತ್ತದೆಂದು ನಂಬುವ ಮಂದಿ ನಾವು. ಅದೇ ಮಂದಿ ಮುಳುಗಿ ಎದ್ದು ಪ್ಲಾಸ್ಟಿಕ್ ಚೀಲವನ್ನೂ ಹಳೇ ಬಟ್ಟೆಯನ್ನೂ ಅಲ್ಲೇ ನೀರಿಗೆ ಬಿಟ್ಟು ಬರುತ್ತೇವೆ. ದತ್ತಾತ್ರೇಯ ಸುಮ್ಮನಿದ್ದಾನೆ. ಕಾರ್ಬುರೇಟರ್ ಸುಮ್ಮನಿರುವುದಿಲ್ಲ.

ಪಂಪಿನಲ್ಲಿ ನಮಗೊಂದು ಹಕ್ಕಿದೆ. ಯಾವ ಗಿರಾಕಿಯಾದರೂ ಫಿಲ್ಟರ್ ಪೇಪರ್ ಕೇಳಬಹುದು. ನಳಿಗೆಯ ತುದಿಯಿಂದ ಅದರ ಮೇಲೆ ಒಂದು ಹನಿ ಬಿಟ್ಟರೆ ಎರಡು ನಿಮಿಷದಲ್ಲಿ ಕಲೆ ಉಳಿಯದೆ ಆರಬೇಕು. ಉಳಿದರೆ ಕಲಬೆರಕೆಯ ಗುಮಾನಿ. ಸಾಂದ್ರತೆ ನೋಡಬಹುದು. ಐದು ಲೀಟರಿನ ಅಳತೆ ಪಾತ್ರೆ ತರಿಸಬಹುದು. ಎಲ್ಲ ಪುಕ್ಕಟೆ.

ಒಮ್ಮೆ ಕೇಳಿದೆ. ಯಾವ ಪಂಪೆಂದು ಹೇಳುವುದಿಲ್ಲ. ಹುಡುಗ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನಮ್ಮ ಮ್ಯಾಲ ವಿಶ್ವಾಸ ಇಲ್ಲೇನ್ರಿ?" ಅಂದ. ಅದಾದರೂ ತಡೆದುಕೊಂಡೆ. ಹಿಂದಿನಿಂದ ಇನ್ನೊಂದು ಬಂತು: "ಏ ಕಾಕಾ, ಪರೀಕ್ಷಾ ಮನ್ಯಾಗ ಮಾಡ್ಕೋ. ನಮಗ ತಡಾ ಆಗ್ಲತ್ತದ." ತಿರುಗಿ ನೋಡಿದೆ. ಹೋದ ವಾರ ಚಹಾದಂಗಡಿಯಲ್ಲಿ ಪೆಟ್ರೋಲಿನಲ್ಲಿ ಮೋಸ, ಮೋಸ ಎಂದು ಟೇಬಲ್ ಗುದ್ದಿದವನೇ. ಗಾಡಿಯ ಬ್ಯಾಗಿನಲ್ಲಿ ಅದೇ ಬಾಟಲಿ.

ಒಬ್ಬರು ಪೂರ್ತಿ ಪರೀಕ್ಷೆ ಮಾಡಿದ್ದರು. ಎಸ್. ಮಂಜುನಾಥ್. ಕೋಲಾರ ಜಿಲ್ಲೆಯಲ್ಲಿ ಬೆಳೆದು, ಮೈಸೂರಿನ ಎಸ್‌ಜೆಸಿಇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಇಂಡಿಯನ್ ಆಯಿಲ್ ಸೇರಿದವರು. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಪಂಪು ಮುಚ್ಚಿಸಿದರು. 2005ರ ನವೆಂಬರ್ 19ರಂದು ಅವರನ್ನು ಗುಂಡಿಟ್ಟು ಕೊಂದರು. ವಯಸ್ಸು 27. ಪೆಟ್ರೋಲ್ ಮೂಲದಲ್ಲೇ ಸ್ವಚ್ಛವಾಗಿರಲಿ ಅಂದದ್ದಕ್ಕೆ ಅವರು ಕೊಟ್ಟ ಬೆಲೆ ಅದು. ನಾವು ಎರಡು ನಿಮಿಷ ಕೊಡಲಾರೆವು. 350 ಕೊಡುತ್ತೇವೆ.

ಮೆಕ್ಯಾನಿಕ್ ಬಟ್ಟಲು ತೊಳೆದ. ಜೆಟ್ಟಿಗೆ ಗಾಳಿ ಹೊಡೆದ. ಟಾಕಿಯ ತಳ ಬಸಿದ. ಫಿಲ್ಟರ್ ಬದಲಿಸಿದ. ಎಲ್ಲ ಸೇರಿ ಬಾಟಲಿಯ ರೇಟಿಗಿಂತ ಕಡಿಮೆಯಾಯಿತು. ಗಾಡಿ ಒಂದೇ ಒದೆತಕ್ಕೆ ಎದ್ದಿತು. ಉಳಿದ ಬಾಟಲಿಯನ್ನು ಯಾರೋ ಎತ್ತಿಕೊಂಡು ಹೋದರು. ಪೀಡೆ ತೊಲಗಿತು ಎಂದುಕೊಂಡೆ.

ನಿನ್ನೆ ಅದನ್ನು ಮತ್ತೆ ಕಂಡೆ. ಕಿರಾಣಿ ಅಂಗಡಿಯಲ್ಲಿ, ಖಾಲಿಯಾಗಿ. ಬಿಡಿ ಪೆಟ್ರೋಲ್ ಪಾವ್ ಲೀಟರ್ ಅಳೆಯಲು ಅಂಗಡಿಯ ಹುಡುಗ ಅದನ್ನೇ ಮಾಪು ಮಾಡಿಕೊಂಡಿದ್ದ. ಹೊರಗೆಲ್ಲ ಧೂಳು, ಒಳಗೆ ಕೆಂಪು ಮಡ್ಡಿ.

"ಏನಪಾ, ಇದನ್ನ ಒಮ್ಮೆರ ತೊಳ್ದೀಯೇನು?"

"ಇದು ಕ್ಲೀನರ್ ಬಾಟ್ಲಿನೇ ಅದಲ್ರೀ ಸರ. ತೊಳೆಯೋದೇನದ?"