ಬೆಂಕಿಗೂ ಬೇಕು ಸರ್ಟಿಫಿಕೇಟು

ಪ್ಲಾಸ್ಟಿಕ್ಕನ್ನು ಕಾಯಿಸುವ ವಿದ್ಯೆ ಡೆಹ್ರಾಡೂನಿನ ಪ್ರಯೋಗಾಲಯದಲ್ಲಿ ಹುಟ್ಟಿತೆಂದು ನಂಬಿದವರು ಮಲ್ಚಿಂಗ್ ಪೇಪರ್ ಹಾಸುವ ಯಾವ ಸೀಮೆಗಾದರೂ ಹೋಗಿ ನೋಡಬೇಕು. ಮಹಾರಾಷ್ಟ್ರದ ಮಿರಜ ತಾಲೂಕಿನ ನಮ್ಮ ಆರಗದ ಕಡೆಗೇ ಬನ್ನಿ. ಬೆಳೆ ತೆಗೆದ ಮೇಲೆ ಹೊಲದಿಂದ ಆ ಕಾಗದ ಕೀಳಬೇಕು. ಹೆಸರಿಗೆ ಪೇಪರ್, ಜಾತಿಯಲ್ಲಿ ಅಪ್ಪಟ ಪಾಲಿಥೀನ್. ದಪ್ಪ ಇಪ್ಪತ್ತೈದು ಮೂವತ್ತು ಮೈಕ್ರಾನ್. ಎಳೆದಲ್ಲಿ ಹರಿಯುತ್ತದೆ, ಹರಿದಲ್ಲಿ ಬೇರು ಹಿಡಿದುಕೊಂಡಿರುತ್ತದೆ, ಬೇರಿಗೆ ಎರೆಮಣ್ಣು ಮೆತ್ತಿರುತ್ತದೆ. ಸಂಜೆ ಹೊತ್ತಿಗೆ ಬದುವಿನ ಮೇಲೆ ಬೆಳ್ಳಿ ಬಣ್ಣ ಅರ್ಧ, ಕರಿ ಬಣ್ಣ ಅರ್ಧ ಇರುವ ಒಂದು ಗುಡ್ಡೆ. ಹರಿದ ಗೊಬ್ಬರದ ಚೀಲ, ಸುತಳಿ ಮೇಲೆ ಒಗೆದು ಕಡ್ಡಿ ಗೀರಿದರೆ ಘಟಕ ಚಾಲೂ. ಬಂಡವಾಳ ಒಂದು ಬೆಂಕಿಪೊಟ್ಟಣ, ಸಬ್ಸಿಡಿ ಇಲ್ಲ, ಉದ್ಘಾಟನೆಗೆ ಮಂತ್ರಿಗಳು ಬೇಕಿಲ್ಲ.

ವಿಜ್ಞಾನಿಗಳು ತಕರಾರು ತೆಗೆಯುತ್ತಾರೆ: ಇದು ಪೈರಾಲಿಸಿಸ್ ಅಲ್ಲ, ಬರೀ ಸುಡುವುದು. ಒಪ್ಪಬೇಕಾದ ಮಾತೇ. ಗಾಳಿ ಆಡದ ಬಂದೋಬಸ್ತು ಪಾತ್ರೆಯಲ್ಲಿ ನಾನೂರು ಐನೂರು ಡಿಗ್ರಿ ಕಾಯಿಸಿದರೆ ಪ್ಲಾಸ್ಟಿಕ್ ಉರಿಯುವುದಿಲ್ಲ, ತುಂಡಾಗುತ್ತದೆ; ಅದು ಪೈರಾಲಿಸಿಸ್. ಪಾಲಿಥೀನ್ ಎಂದರೆ ಸಾವಿರಾರು ಇಂಗಾಲದ ಕೊಂಡಿಗಳ ಸರಪಳಿ. ಜಿಯೋಲೈಟಿನಂಥ ವೇಗವರ್ಧಕ ಜತೆಗಿದ್ದರೆ ಕಡಿಮೆ ಶಾಖಕ್ಕೇ ಸರಪಳಿ ಕಡಿದು, ಪೆಟ್ರೋಲು, ಡೀಸೆಲ್ ಅಳತೆಯ ತುಂಡುಗಳು ಹೆಚ್ಚು ಸಿಗುತ್ತವೆ. ಆವಿ ತಣಿಸಿದರೆ ಎಣ್ಣೆ, ತಣಿಯದ ಗ್ಯಾಸು ಅದೇ ಒಲೆಗೆ ವಾಪಸು, ತಳದಲ್ಲಿ ಕರಿ. ಡೆಹ್ರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆ ಗೇಲ್ ಕಂಪನಿಯ ನೆರವಿನಿಂದ ಹೀಗೆ ದಿನಕ್ಕೆ ಒಂದು ಟನ್ ಪ್ಲಾಸ್ಟಿಕ್ಕಿಗೆ 800 ಲೀಟರ್ ಡೀಸೆಲ್ ಕೊಡುವ ಘಟಕ ಕಟ್ಟಿತು. 2019ರ ಆಗಸ್ಟ್‌ನಲ್ಲಿ ಕೇಂದ್ರ ಮಂತ್ರಿ ಹರ್ಷವರ್ಧನ್ ಉದ್ಘಾಟಿಸಿದರು. ನಾಗಪುರದ ಅಲ್ಕಾ ಝಾಡಗಾಂವ್ಕರ್ ಅದಕ್ಕೂ ಎಷ್ಟೋ ವರ್ಷ ಮೊದಲೇ ಪ್ಲಾಸ್ಟಿಕ್ಕಿನಿಂದ ಇಂಧನ ತೆಗೆದು ತೋರಿಸಿ ಹೆಸರಾದವರು. ಅಂದರೆ ವಿದ್ಯೆ ಸುಳ್ಳಲ್ಲ. ನನ್ನ ಜಗಳ ವಿದ್ಯೆಯ ಜತೆ ಅಲ್ಲವೇ ಅಲ್ಲ.

ಈಗ ಆರಗಕ್ಕೆ ಇಂಥ ಮಷಿನ್ ಮಾರುವ ಸಾಹೇಬರೊಬ್ಬರು ಬಂದರೆನ್ನಿ. ಮರಾಠಿ, ಹಿಂದಿ, ಇಂಗ್ಲಿಷ್ ಮೂರನ್ನೂ ಹದವಾಗಿ ಬೆರೆಸಿ, ಕಸದಿಂದ ಕನಕ ಎಂದು ಪಂಚಾಯ್ತಿ ಕಟ್ಟೆಯಲ್ಲಿ ಒಂದು ತಾಸು ಮಾತಾಡುತ್ತಾರೆ. ತಾತ್ಯಾ ಒಬ್ಬರು ಎದ್ದು ನಿಲ್ಲುತ್ತಾರೆ.

"ಸಾಹೇಬ್ರ, ಮಲ್ಚಿಂಗ್ ಪೇಪರ್ ನಡೀತದೇನ್ರಿ?"

"ನಡೀತದ. ತೊಳದು, ಒಣಗಿಸಿ, ಮಣ್ಣಿಲ್ಲದಂಗ ಕೊಡ್ರಿ."

"ತೊಳಿಯಾಕ ನೀರ?"

ಬೇಸಿಗೆಯಲ್ಲಿ ಮ್ಹೈಸಾಳ ಏತ ನೀರಾವರಿ ಯೋಜನೆಯ ನೀರಿಗಾಗಿ ಕಾಲುವೆ ನೋಡುತ್ತ ಕೂರುವ ಸೀಮೆಯಲ್ಲಿ ಈ ಪ್ರಶ್ನೆಗೆ ಸಾಹೇಬರ ಸ್ಲೈಡಿನಲ್ಲಿ ಉತ್ತರವಿಲ್ಲ. ಮುಂದಿನ ಸ್ಲೈಡು ಬರುತ್ತದೆ. ಒಡೆದ ಪಿವಿಸಿ ಪೈಪು? ಬೇಡ, ಕಾಯಿಸಿದರೆ ಹೈಡ್ರೋಕ್ಲೋರಿಕ್ ಆಮ್ಲ ಎದ್ದು ಮಷಿನ್ನನ್ನೇ ತಿನ್ನುತ್ತದೆ. ನೀರಿನ ಬಾಟಲಿ? ಬೇಡ, ಅದು ಪೆಟ್; ಆವಿಯ ಜತೆ ಬರುವ ಆಮ್ಲ ತಣಿದು ಗಟ್ಟಿಯಾಗಿ ನಳಿಗೆ ಕಟ್ಟುತ್ತದೆ. ಮಣ್ಣು, ಎಂಜಲು ಹತ್ತಿದ್ದು? ಬೇಡವೇ ಬೇಡ, ವೇಗವರ್ಧಕ ಕೆಡುತ್ತದೆ. ಹಾಗಾದರೆ ಏನು ಬೇಕು? ಸ್ವಚ್ಛವಾದ, ಒಣಗಿದ, ಬೇರೆ ಬೇರೆ ಮಾಡಿದ ಪಾಲಿಥೀನ್, ಪಾಲಿಪ್ರೊಪಿಲೀನ್. ಒಡೆದ ಕೊಡ, ಬಕೀಟು, ಡ್ರಿಪ್ಪಿನ ಹಳೆ ಪೈಪು, ಹಾಲಿನ ಪಾಕೀಟು.

ಕಟ್ಟೆಯ ತುದಿಗೆ ಕೂತ ಭಂಗಾರದವನಿಗೆ, ಅಂದರೆ ಗುಜರಿಯವನಿಗೆ, ನಗು ಬರುತ್ತದೆ. ಅವನು ಇಷ್ಟು ವರ್ಷ ಸೈಕಲ್ ತುಳಿದು ಒಯ್ದದ್ದು ಇದನ್ನೇ. ಮನೆಯವರಿಗೆ ರೊಕ್ಕ ಕೊಟ್ಟು ಒಯ್ಯುತ್ತಿದ್ದ. ಅದು ಎಲ್ಲೋ ಕರಗಿ ಕಾಳಾಗಿ ಮತ್ತೆ ಬಕೀಟಾಗುತ್ತಿತ್ತು. ಮಲ್ಚಿಂಗ್ ಪೇಪರ್ ಮಾತ್ರ ಅವನು ಮುಟ್ಟುವುದಿಲ್ಲ: "ಮಣ್ಣ ತೂಗಿ ಪ್ಲಾಸ್ಟಿಕ್ಕಿನ ರೊಕ್ಕಾ ಕೊಡಬೇಕೇನ್ರಿ ತಾತ್ಯಾ?" ಯಾವುದನ್ನು ಅವನು ಒಯ್ಯುತ್ತಾನೋ ಅದು ಮಷಿನ್ನಿಗೂ ಬೇಕು; ಯಾವುದನ್ನು ಬಿಟ್ಟುಹೋಗುತ್ತಾನೋ ಅದು ಮಷಿನ್ನಿಗೂ ಬೇಡ. ಲಕ್ಷಗಟ್ಟಲೆ ಸುರಿದು ಊರು ಪಡೆಯುವುದೆಂದರೆ ಸೈಕಲ್ ಇಲ್ಲದ ಇನ್ನೊಬ್ಬ ಭಂಗಾರದವ. ಇವನು ಮಾಲನ್ನು ಬಕೀಟು ಮಾಡುವುದಿಲ್ಲ, ಟ್ರಾಕ್ಟರಿನ ಹೊಗೆ ಮಾಡುತ್ತಾನೆ, ಅಷ್ಟೇ ಫರಕು.

ಅಮೆರಿಕದವರ ಗತಿಯೂ ಬೇರೆಯಲ್ಲ. ಎಕ್ಸಾನ್‌ಮೊಬಿಲ್ ಕಂಪನಿಯ 'ಮುಂದುವರಿದ ಮರುಬಳಕೆ'ಯಲ್ಲಿ ನೂರಕ್ಕೆ 92 ಪಾಲು ಪ್ಲಾಸ್ಟಿಕ್ ಮರಳಿ ಪ್ಲಾಸ್ಟಿಕ್ ಆಗುವುದೇ ಇಲ್ಲ, ಹೆಚ್ಚಿನದು ಇಂಧನವಾಗುತ್ತದೆ ಎಂದು ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ 2024ರ ಸೆಪ್ಟೆಂಬರಿನಲ್ಲಿ ದಾವೆ ಹೂಡಿದ್ದಾರೆ. ಕಂಪನಿ ಆರೋಪ ಒಪ್ಪಿಲ್ಲ. ನಮ್ಮಲ್ಲಿ ಟಯರು ಕಾಯಿಸಿ ಎಣ್ಣೆ ತೆಗೆಯುವುದಕ್ಕೆ ವಿದೇಶಿ ಹಳೆ ಟಯರು ತರಿಸಬಾರದೆಂದು 2022ರಲ್ಲಿ ಸರಕಾರ ನಿಯಮ ಮಾಡಿತು. ಸ್ವದೇಶಿ ಟಯರಿನ ಹೊಗೆಗೆ ಅಡ್ಡಿಯಿಲ್ಲ.

ಮಷಿನ್ನಿನ ಅಸಲಿ ಉತ್ಪನ್ನ ಎಣ್ಣೆ ಎಂದು ತಿಳಿದವರು ಗುಟಖಾ ಪುಡಿಕೆಯ ಚರಿತ್ರೆ ಓದಬೇಕು. ಆರಗ, ಬೇಡಗ, ನರವಾಡ ಎಲೆಬಳ್ಳಿಯ ಊರುಗಳು. ಇಲ್ಲಿ ಬಾಯಿ ಕೆಂಪಾಗಲು ಪುಡಿಕೆಯ ಹಂಗೇ ಇರಲಿಲ್ಲ. ಆದರೂ ಬಸ್ ಸ್ಟ್ಯಾಂಡಿನ ಹಿಂದೆ ನಿಂತು ನೋಡಿ, ಎಲೆ ಕಮ್ಮಿ, ಪುಡಿಕೆ ಜಾಸ್ತಿ. ಗುಟಖಾಕ್ಕೆ ಪ್ಲಾಸ್ಟಿಕ್ ಪುಡಿಕೆ ಕೂಡದು ಎಂದದ್ದು 2011ರಲ್ಲಿ. ಒಳಗಿನ ಮಾಲೇ ಕೂಡದು ಎಂದು ಮಹಾರಾಷ್ಟ್ರ ಹೇಳಿದ್ದು 2012ರಲ್ಲಿ. ಒಳಗೂ ಹೊರಗೂ ನಿಷೇಧವಾದ ಪದಾರ್ಥವೊಂದು ಇಷ್ಟು ಹುಲುಸಾಗಿ ಸಿಗುವ ಪವಾಡಕ್ಕೆ ಪ್ರತ್ಯೇಕ ಅಂಕಣವೇ ಬೇಕು.

ಚಿಪ್ಸಿನದು, ಶಾಂಪೂವಿನದು, ಬಿಸ್ಕೀಟಿನದು ಎಲ್ಲ ಈ ಪುಡಿಕೆಯದೇ ವಂಶ, ಪದರದ ಮೇಲೆ ಪದರ ಅಂಟಿಸಿದ್ದು, ಬಿಡಿಸಲು ಬ್ರಹ್ಮನಿಗೂ ಬಾರದು. ಮರುಬಳಕೆಗೆ ಬಾರದ ಇಂಥ ಬಹುಪದರದ ಪ್ಲಾಸ್ಟಿಕ್ಕನ್ನು ಎರಡು ವರ್ಷದಲ್ಲಿ ನಿಲ್ಲಿಸಬೇಕೆಂದು ಕೇಂದ್ರದ 2016ರ ನಿಯಮ ಕಟ್ಟುನಿಟ್ಟಾಗಿ ಹೇಳಿತ್ತು. ಎರಡು ವರ್ಷ ತುಂಬಿತು. 2018ರ ಮಾರ್ಚಿನಲ್ಲಿ ಪ್ಯಾಕೆಟ್ಟು ಬದಲಾಗಲಿಲ್ಲ, ನಿಯಮ ಬದಲಾಯಿತು. ಮರುಬಳಕೆಗೆ ಬಾರದಿದ್ದರೇನು, ಅದರಿಂದ ಶಕ್ತಿ ಪಡೆಯಲು ಬರುತ್ತದಲ್ಲ, ಹಾಗಿದ್ದರೆ ನಿಲ್ಲಿಸಬೇಕಿಲ್ಲ ಎಂಬ ಅರ್ಥದ ತಿದ್ದುಪಡಿ. ಶಕ್ತಿ ಪಡೆದರು ಎಂದಲ್ಲ, ಪಡೆಯಲು ಬರುತ್ತದೆ ಎಂದು. ಮಷಿನ್ ಎಲ್ಲಿದೆ, ಓಡುತ್ತಿದೆಯೇ, ತುಕ್ಕು ಹಿಡಿದಿದೆಯೇ ಎಂದು ಯಾರೂ ಕೇಳುವ ಹಾಗಿಲ್ಲ. ಪ್ರಪಂಚದಲ್ಲಿ ಅಂಥ ಒಂದು ಮಷಿನ್ ಇರಲು ಸಾಧ್ಯ ಎಂಬಷ್ಟಕ್ಕೇ ಪುಡಿಕೆ ಬದುಕಿಕೊಂಡಿತು. ಒಂದು ಹನಿ ಎಣ್ಣೆ ಬರುವ ಮೊದಲೇ ಪರವಾನಗಿ ಬಂತು.

2022ರಲ್ಲಿ ಇನ್ನೊಂದು ಅನುಕೂಲ. ಪ್ಲಾಸ್ಟಿಕ್ ಮಾರುವ ಕಂಪನಿ ಅಷ್ಟೇ ಪ್ಲಾಸ್ಟಿಕ್ಕಿಗೆ ಒಂದು ಗತಿ ಕಾಣಿಸಬೇಕು, ಇಲ್ಲವೇ ಗತಿ ಕಾಣಿಸಿದವರಿಂದ ಸರ್ಟಿಫಿಕೇಟು ಕೊಳ್ಳಬೇಕು. ಎಣ್ಣೆ ಮಾಡುವುದೂ ಒಂದು ಗತಿಯೇ; ನಿಯಮ ಅದನ್ನು ರಸ್ತೆಗೆ ಹಾಕುವುದು, ಸಿಮೆಂಟು ಭಟ್ಟಿಗೆ ಹಾಕುವುದರ ಜತೆ ಅಂತ್ಯಕ್ರಿಯೆಯ ಸಾಲಿನಲ್ಲಿ ಕೂರಿಸಿದೆ. ಸರ್ಟಿಫಿಕೇಟಿನ ಪೇಟೆ ಶುರುವಾಯಿತು. 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ತಪಾಸಣೆಗೆ ಹೋದಾಗ ಲಕ್ಷಗಟ್ಟಲೆ ಸರ್ಟಿಫಿಕೇಟು ಬೋಗಸ್. ಸಿಕ್ಕಿಬಿದ್ದ ಘಟಕಗಳು ಗುಜರಾತ್, ಮಹಾರಾಷ್ಟ್ರ ಮತ್ತು ಕರ್ನಾಟಕದವು. ಗಡಿ ಜಗಳದಲ್ಲಿ 1967ರ ಮಹಾಜನ ವರದಿಯಿಂದ ಇಂದಿನ ಸುಪ್ರೀಂ ಕೋರ್ಟಿನವರೆಗೆ ಯಾವುದರಲ್ಲೂ ಒಂದಾಗದ ಮಹಾರಾಷ್ಟ್ರ, ಕರ್ನಾಟಕ ಇದೊಂದರಲ್ಲಿ ಭುಜಕ್ಕೆ ಭುಜ ಕೊಟ್ಟು ನಿಂತವು. ಕ್ಯಾರಿಬ್ಯಾಗಿನಲ್ಲಿ ಆ ಒಗ್ಗಟ್ಟಿರಲಿಲ್ಲ. ಕರ್ನಾಟಕ 2016ರ ಮಾರ್ಚಿನಲ್ಲಿ ನಿಷೇಧಿಸಿತು, ಮಹಾರಾಷ್ಟ್ರ 2018ರ ಮಾರ್ಚಿನಲ್ಲಿ. ನಡುವಿನ ಎರಡು ವರ್ಷ ಕರ್ನಾಟಕದ ಕಾಗವಾಡದಲ್ಲಿ ಕಳ್ಳನಾದ ಚೀಲ ಗಡಿ ದಾಟಿ ಮ್ಹೈಸಾಳಕ್ಕೆ ಬಂದೊಡನೆ ಸಂಭಾವಿತ. ಮಹಾರಾಷ್ಟ್ರದ ಅದೇ ಆದೇಶದಲ್ಲಿ ಖಾಲಿ ಹಾಲಿನ ಪಾಕೀಟು ವಾಪಸು ಕೊಟ್ಟರೆ 50 ಪೈಸೆ ಎಂದಿತ್ತು. ಮಿರಜ ಪೇಟೆಯಲ್ಲಿ ಭಿಕ್ಷುಕರೂ ಮುಟ್ಟದ ನಾಣ್ಯವನ್ನು ಹುಡುಕಿ ಇಟ್ಟಿದ್ದರು ಪಾಪ.

ತಾತ್ಯಾನ ಬದುವಿನ ಬೆಂಕಿಗೂ ಕಂಪನಿಯ ಭಟ್ಟಿಗೂ ನಡುವೆ ಇರುವುದು ಹೀಗೆ ಒಂದು ಕಾಗದ. ತಾತ್ಯಾ ಸುಟ್ಟರೆ ಮಾಲಿನ್ಯ, ದಂಡ. ಅದೇ ಪ್ಲಾಸ್ಟಿಕ್ ಮೊದಲು ಡೀಸೆಲ್ಲಾಗಿ ಆಮೇಲೆ ಟ್ರಾಕ್ಟರಿನ ಸೈಲೆನ್ಸರಿನಿಂದ ಹೊರಬಿದ್ದರೆ ಹಸಿರು ಕ್ರಾಂತಿ.

ಸಾಹೇಬರು ಕೊನೆಯ ಸ್ಲೈಡಿನಲ್ಲಿ ಒಂದು ಷರತ್ತು ಇಟ್ಟಿದ್ದಾರೆ. ಮಷಿನ್ನಿಗೆ ದಿನಾ ಒಂದು ಟನ್ ಬೇಕೇ ಬೇಕು. ಹೊಟ್ಟೆ ಖಾಲಿ ಬಿಟ್ಟರೆ ಕಾಯಿಸಿದ ಖರ್ಚೂ ಹುಟ್ಟುವುದಿಲ್ಲ, ಸಾಲದ ಕಂತು ಮಾತ್ರ ತಪ್ಪುವುದಿಲ್ಲ. ಹೀಗಾಗಿ ಗ್ರಾಮಸಭೆಗೆ ಅವರೇ ಒಂದು ಠರಾವು ಬರೆದು ತಂದಿದ್ದಾರೆ: ಊರಿನ ಹಿತದೃಷ್ಟಿಯಿಂದ ಸಂತೆಗೆ ಬಟ್ಟೆ ಚೀಲ ತರುವುದನ್ನು ಇಂದಿನಿಂದ ಬಂದ್ ಮಾಡಲಾಗಿದೆ, ಲಗ್ನ, ಜಾತ್ರೆ, ಉರುಸುಗಳಲ್ಲಿ ಪತ್ರಾವಳಿ ಹಾಕಿದವರಿಗೆ ದಂಡ, ಮಲ್ಚಿಂಗ್ ಪೇಪರನ್ನು ಪ್ರತಿ ರೈತ ಕುಟುಂಬ ತನ್ನ ಪಾಲಿನ ಕುಡಿಯುವ ನೀರಿನಲ್ಲಿ ತೊಳೆದು ಒಪ್ಪಿಸತಕ್ಕದ್ದು, ಭಂಗಾರದವನಿಗೆ ಊರ ಸೀಮೆಯೊಳಗೆ ಪ್ರವೇಶವಿಲ್ಲ. ಸೂಚಕರು, ಮಷಿನ್ ಸಾಹೇಬರು. ಅನುಮೋದಕರು, ಸ್ಟ್ಯಾಂಡಿನ ಹಿಂದಿನ ಪಾನ್ ಟಪರಿಯವರು.