ಹೊಟ್ಟೆಗೂ ಮೂರನೇ ಹಂತ

(ಮುಳಬಾಗಿಲಿನ ಒಂದು ಮೆಡಿಕಲ್ ಸ್ಟೋರ್. ಶ್ರೀನಿವಾಸಪುರದ ಮಾವಿನ ಮಂಡಿ ಮುಗಿಸಿ ಬಂದ ಮಾವ ಕೌಂಟರಿಗೆ ಒರಗಿದ್ದಾರೆ. ಒಳಗೆ ಅಳಿಯ.)

ಮಾವ: ಒಂದು ಬಾಟ್ಲಿ ಹರಳೆಣ್ಣೆ, ಸೋನಾಮುಖಿ ಪುಡಿ, ಎನಿಮಾ ಡಬ್ಬಾನೂ ಕೊಡಪ್ಪ. ಕರುಳು ತೊಳೀಬೇಕು.

ಅಳಿಯ: ಮೂರೂ ಒಂದೇ ರಾತ್ರಿಗಾ? ಮಲಬದ್ಧತೆನಾ?

ಮಾವ: ಛೆ, ದಿನಾ ಸಲೀಸು. ಆದ್ರೂ ಇಪ್ಪತ್ತು ವರ್ಷದ ವಿಷ ಒಳಗೇ ಕೂತಿರತ್ತಂತೆ. ಮೊಬೈಲಲ್ಲಿ ಹೇಳಿದ್ರು.

ಅಳಿಯ: ಕರುಳಿನ ಒಳಪದರ ನಾಲ್ಕೈದು ದಿನಕ್ಕೊಮ್ಮೆ ತಾನೇ ಹೊಸದಾಗತ್ತೆ ಮಾವ. ಇಪ್ಪತ್ತು ವರ್ಷ ಯಾವ ಬಾಡಿಗೆದಾರನೂ ಅಲ್ಲಿರಲ್ಲ.

ಮಾವ: 2018ರಲ್ಲಿ ಕೆ.ಸಿ. ವ್ಯಾಲಿ ನೀರು ಕೋಲಾರದ ಕೆರೆಗೆ ಬಂತಲ್ಲ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇದೂ ಬೇಕು ಅಂತ ಜನ ಕೇಳಲಿಲ್ವಾ? ಹೊಟ್ಟೆಗೆ ಬೇಡ್ವಾ?

ಅಳಿಯ: ಅದು ಬೆಂಗಳೂರಿನ ಚರಂಡಿ ನೀರು. ನಿಮ್ಮೊಳಗಿರೋದು ಬೆಳಿಗ್ಗೆ ತಿಂದ ಮುಳಬಾಗಿಲು ದೋಸೆ. ಅದಿರಲಿ, ನೀವು ತಗೊಳ್ಳೋ ಬಿ.ಪಿ. ಮಾತ್ರೆ ಮೂತ್ರ ಜಾಸ್ತಿ ಹೋಗೋ ಹಾಗೆ ಮಾಡೋದೇ ತಾನೆ?

ಮಾವ: ಹೂಂ.

ಅಳಿಯ: ಅದರ ಮೇಲೆ ಭೇದಿ ಆದ್ರೆ ಪೊಟ್ಯಾಸಿಯಂ ಇಳಿದು ಎದೆಬಡಿತ ಏರುಪೇರಾಗಬಹುದು. ಫಾಸ್ಫೇಟ್ ಎನಿಮಾ ಅಂತೂ ಕಿಡ್ನಿ ತೊಂದರೆ ಇರೋರಿಗೆ, ವಯಸ್ಸಾದವರಿಗೆ ಅಪಾಯ.

ಮಾವ (ವಯಸ್ಸಿನ ಮಾತು ಹಿಡಿಸದೆ): ಕಾಫಿ ಎನಿಮಾ? ಮಾಲೂರಿನ ಷಡ್ಡಕ ಹೇಳ್ತಿದ್ದ.

ಅಳಿಯ: ಕಾಫಿಗೆ ಬಾಯಿ ಅಂತ ಒಂದಿದೆ. ಬಿಸಿ ಡಿಕಾಕ್ಷನ್ ಹಾಕ್ಕೊಂಡು ಕರುಳು ಸುಟ್ಟುಕೊಂಡವರಿದ್ದಾರೆ. ಮಲದಲ್ಲಿ ರಕ್ತ, ತೂಕ ಇಳಿಯೋದು ಇದ್ರೆ ಹೇಳಿ, ಡಾಕ್ಟರ್ ಹತ್ರ ಹೋಗೋಣ.

ಮಾವ: ಅದೇನಿಲ್ಲ.

ಅಳಿಯ: ಹಾಗಾದ್ರೆ ಸೊಪ್ಪಿನ ಸಾರು, ರಾಗಿಮುದ್ದೆ, ಚೆನ್ನಾಗಿ ನೀರು.

ಮಾವ: ಸರಿಯಪ್ಪ. ಆದ್ರೆ ಅರ್ಧ ಲೋಟ ಹರಳೆಣ್ಣೆ ಮನೇಲೇ ಕುಡಿದು ಬಂದೆ. ಹಿಂದುಗಡೆ ಬಾತ್‌ರೂಮ್ ಇದ್ಯಾ?